ಕೈಚಾಚದ ವಿಶ್ವಾಸ: ಜಾರ್ಜ್ ಮುಲ್ಲರ್ ಪರಂಪರೆಯ ಅರ್ಥದೃಷ್ಟಿ

ಸಂಪತ್ತಿನ ಬಗ್ಗೆ ಕ್ರೈಸ್ತ ಚಿಂತನೆಯಲ್ಲಿ ಎರಡು ನಿಲುವುಗಳು ಬಹುಕಾಲದಿಂದ ಜೊತೆಜೊತೆಯಾಗಿ ಬಂದಿವೆ. ಆಸ್ತಿಯೆಲ್ಲ ದೇವರದು, ಮನುಷ್ಯ ಅದರ ಪಾರುಪತ್ಯಗಾರನಷ್ಟೇ ಎನ್ನುವುದು ಒಂದು. ನಾಳೆಯ ಚಿಂತೆಯನ್ನು ದೇವರಿಗೆ ಬಿಡಬೇಕು, ಭೂಮಿಯ ಮೇಲೆ ಗಂಟು ಕೂಡಿಡಬಾರದು ಎನ್ನುವ ಪರ್ವತ ಪ್ರಸಂಗದ ಬೋಧನೆ ಇನ್ನೊಂದು. ಮೊದಲನೆಯದು ಗಳಿಕೆಗೂ ಉಳಿತಾಯಕ್ಕೂ ಎಡೆಕೊಟ್ಟರೆ ಎರಡನೆಯದು ಅವನ್ನು ಸಂಶಯದಿಂದ ನೋಡುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಎರಡನೆಯ ಬೋಧನೆಯನ್ನು ಅಕ್ಷರಶಃ ಪಾಲಿಸಿ, ಅದರ ಮೇಲೆಯೇ ದೊಡ್ಡ ಸಂಸ್ಥೆಗಳನ್ನು ಕಟ್ಟಲು ಹೊರಟ ಪರಂಪರೆಗೆ ‘ವಿಶ್ವಾಸ ಮಿಷನ್’ ಎಂಬ ಹೆಸರು ಸಲ್ಲುತ್ತದೆ. ನಿಗದಿತ ಸಂಬಳವಿಲ್ಲದೆ, ಸಾಲ ಮಾಡದೆ, ಯಾರ ಮುಂದೆಯೂ ಕೈಚಾಚದೆ, ಬೇಕಾದುದನ್ನು ಪ್ರಾರ್ಥನೆಯಲ್ಲಿ ದೇವರಿಗಷ್ಟೇ ಅರಿಕೆ ಮಾಡಿಕೊಂಡು ಕೆಲಸ ನಡೆಸುವುದು ಅದರ ಮೂಲ ನಿಯಮ.

ಎಕ್ಸೆಟರ್ ಊರಿನ ದಂತವೈದ್ಯ ಆಂಟನಿ ನಾರಿಸ್ ಗ್ರೋವ್ಸ್ 1825ರಲ್ಲಿ ಪ್ರಕಟಿಸಿದ ಕಿರುಹೊತ್ತಿಗೆಯೊಂದು ಈ ಚಿಂತನೆಗೆ ಅಡಿಪಾಯ ಹಾಕಿತು. ಕ್ರೈಸ್ತನಾದವನು ಮುಂದಿನ ದಿನಗಳಿಗೆಂದು ಹಣ ಕೂಡಿಡದೆ, ತನ್ನ ಅಗತ್ಯಕ್ಕೆ ಮೀರಿದ್ದನ್ನು ಕೊಟ್ಟುಬಿಡಬೇಕೆಂದು ವಾದಿಸಿದ ಗ್ರೋವ್ಸ್, ತಾವೂ ವೃತ್ತಿ ಬಿಟ್ಟು ಬಾಗ್ದಾದಿಗೂ ಆಮೇಲೆ ಭಾರತಕ್ಕೂ ಬಂದರು. ಅವರ ತಂಗಿ ಮೇರಿಯನ್ನು 1830ರಲ್ಲಿ ಮದುವೆಯಾದ ಪ್ರಷ್ಯಾ ಮೂಲದ ಬೋಧಕ ಜಾರ್ಜ್ ಮುಲ್ಲರ್ ಅದೇ ವರ್ಷ ತಮ್ಮ ಸಂಬಳವನ್ನು ತೊರೆದರು. ಆ ಸಂಬಳ ಬರುತ್ತಿದ್ದುದು ಚರ್ಚಿನ ಆಸನಗಳ ಬಾಡಿಗೆಯಿಂದ. ಬಾಡಿಗೆ ಕೊಡಬಲ್ಲವರಿಗೆ ಒಳ್ಳೆಯ ಜಾಗ, ಬಡವರಿಗೆ ಉಳಿದ ಜಾಗ ಎಂಬ ಈ ಏರ್ಪಾಡು, ಸಭೆಯಲ್ಲಿ ಧನಿಕರಿಗೆ ಮಣೆ ಹಾಕುವುದನ್ನು ಖಂಡಿಸುವ ಯಾಕೋಬನ ಪತ್ರಿಕೆಗೆ ವಿರುದ್ಧವೆಂದು ಅವರು ಕಂಡುಕೊಂಡಿದ್ದರು. ಆದ್ದರಿಂದ ಈ ಪರಂಪರೆಯ ಮೊದಲ ಹೆಜ್ಜೆಯಲ್ಲಿ ದೈವವಿಶ್ವಾಸದ ಜೊತೆಗೆ ಸಮಾನತೆಯ ಕಾಳಜಿಯೂ ಇತ್ತು ಎಂಬುದನ್ನು ಮರೆಯಲಾಗದು.

ಮುಲ್ಲರ್ 1836ರಲ್ಲಿ ಬ್ರಿಸ್ಟಲ್ ನಗರದ ವಿಲ್ಸನ್ ಬೀದಿಯಲ್ಲಿ ಅನಾಥಾಲಯ ತೆರೆದರು. 1870ರ ಹೊತ್ತಿಗೆ ಆಶ್ಲಿ ಡೌನ್ ದಿಬ್ಬದ ಮೇಲೆ ಸುಮಾರು ಎರಡು ಸಾವಿರ ಮಕ್ಕಳು ಇರಬಹುದಾದ ಐದು ಕಟ್ಟಡಗಳು ಎದ್ದಿದ್ದವು. ಮಕ್ಕಳ ಪೋಷಣೆಗಿಂತಲೂ ಮೊದಲ ಉದ್ದೇಶ, ಪ್ರಾರ್ಥನೆಗೆ ದೇವರು ಇಂದಿಗೂ ಓಗೊಡುತ್ತಾನೆಂದು ಲೋಕಕ್ಕೆ ತೋರಿಸುವುದೆಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಪುರಾವೆ ಒದಗಿಸಬೇಕೆಂಬ ಈ ಹಂಬಲವೇ ಅವರನ್ನು ಕಟ್ಟುನಿಟ್ಟಿನ ಲೆಕ್ಕಿಗರನ್ನಾಗಿ ಮಾಡಿತು. ಕೈಸೇರಿದ ಪೆನ್ನಿ, ತಟ್ಟೆ, ಚಾಕು, ಹಳೆಯ ಉಂಗುರಗಳೆಲ್ಲ ವರದಿಯ ಜಮಾಪಟ್ಟಿಯಲ್ಲಿ ದಾಖಲಾದವು. ಮುಲ್ಲರ್ ಕುಟುಂಬದ ಮುಂದಿನ ಕಾಲಕ್ಕೆ ಇಡುಗಂಟಾಗಲೆಂದು ದಾನಿಯೊಬ್ಬರು 100 ಪೌಂಡ್ ಕಳಿಸಿದಾಗ, ಆ ಉದ್ದೇಶಕ್ಕೆ ಅದನ್ನು ಸ್ವೀಕರಿಸಲು ಅವರು ಒಪ್ಪಲಿಲ್ಲ. ಸುಮಾರು ಹದಿನೈದು ಲಕ್ಷ ಪೌಂಡ್ ಅವರ ಕೈಯಿಂದ ಹಾದುಹೋದರೂ 1898ರಲ್ಲಿ ತೀರಿಕೊಂಡಾಗ ಅವರ ಸ್ವಂತದ್ದೆಂದು ಇದ್ದ ಸ್ವತ್ತು ಇನ್ನೂರು ಪೌಂಡನ್ನೂ ಮುಟ್ಟುತ್ತಿರಲಿಲ್ಲ.

ಈ ಪರಂಪರೆಯ ಮೇಲಿನ ಮೊದಲ ಆಕ್ಷೇಪ ಎಲ್ಲರಿಗೂ ಹೊಳೆಯುವಂಥದು: ಹಣ ಕೇಳುವುದಿಲ್ಲವೆಂದು ಅಚ್ಚುಹಾಕಿ ಹಂಚುವ ವರದಿಯೇ ಕೇಳುವ ಇನ್ನೊಂದು ಬಗೆಯಲ್ಲವೇ? ಇದಕ್ಕೆ ಮುಲ್ಲರ್ ನಡತೆಯಿಂದ ಕೊಟ್ಟ ಉತ್ತರ ಗಮನಾರ್ಹ. 1841ರ ಡಿಸೆಂಬರಿನಲ್ಲಿ ಬೊಕ್ಕಸ ಬರಿದಾಗಿದ್ದಾಗಲೇ ಸಾರ್ವಜನಿಕ ಸಭೆಯನ್ನೂ ವರದಿಯನ್ನೂ ಅವರು ಮುಂದಕ್ಕೆ ಹಾಕಿದರು. ಅಭಾವದ ಸುದ್ದಿ ಜನರ ಕರುಳು ಕರಗಿಸುವ ಸಾಧನವಾಗಬಾರದು ಎಂಬುದು ಅದರ ಹಿಂದಿನ ವಿವೇಚನೆ. ಆದರೂ ಆಕ್ಷೇಪ ಪೂರ್ತಿ ತೀರುವುದಿಲ್ಲ. ಅಗ್ಗದ ಮುದ್ರಣ, ಅಂಚೆ, ಶ್ರದ್ಧಾವಂತ ಓದುಗರ ಬಳಗ ಇವೆಲ್ಲ ಇಲ್ಲದಿದ್ದರೆ ಬ್ರಿಸ್ಟಲಿನ ಕಥೆ ದೂರದ ಕೊಡುಗೈಗಳನ್ನು ತಲುಪುತ್ತಿರಲಿಲ್ಲ. ವರದಿಗಳು ಪವಾಡವನ್ನು ರುಜುವಾತುಪಡಿಸುತ್ತವೆ ಎನ್ನುವುದಕ್ಕಿಂತ, ಕೊಡುವವರನ್ನು ಒತ್ತಾಯದಿಂದ ಬಿಡಿಸಿದರೆ ಔದಾರ್ಯ ಬತ್ತಿಹೋಗುವುದಿಲ್ಲ ಎಂದು ತೋರಿಸುತ್ತವೆ ಎನ್ನುವುದೇ ಸರಿ.

ಎರಡನೆಯ ಆಕ್ಷೇಪ ಇನ್ನೂ ಆಳದ್ದು. ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ, ವಿಧಿವತ್ತಾದ ವಿವಾಹದಲ್ಲಿ ಹುಟ್ಟಿದ ಮಕ್ಕಳಿಗಷ್ಟೇ ಆ ಅನಾಥಾಲಯದ ಬಾಗಿಲು ತೆರೆದಿತ್ತು. ವಿವಾಹದ ಹೊರಗೆ ಹುಟ್ಟಿದ ಕೂಸಿನ ಹಸಿವಿಗೆ ಅಲ್ಲಿ ಜಾಗವಿರಲಿಲ್ಲ. ಮಕ್ಕಳನ್ನು ಅನಾಥರನ್ನಾಗಿ ಮಾಡುತ್ತಿದ್ದ ಕಾಯಿಲೆ, ಕೊಳಕು ಕೇರಿ, ಕಡಿಮೆ ಕೂಲಿಗಳ ವಿಚಾರದಲ್ಲಿ ಈ ಪರಂಪರೆ ಹೆಚ್ಚು ಮಾತಾಡಲಿಲ್ಲ. ಹಣ ದೇವರಿಂದಲೇ ಬಂದದ್ದೆಂದು ನಂಬಿದವರಿಗೆ, ಅದು ಯಾರ ದುಡಿಮೆಯಿಂದ ಹುಟ್ಟಿ ಯಾವ ದಾರಿಯಲ್ಲಿ ಬಂತೆಂಬ ಪ್ರಶ್ನೆ ಮಸುಕಾಗುವ ಅಪಾಯವಿದೆ. ಕೂಡಿಡದ ಸಂಸ್ಥೆಯೊಂದು ನಡೆಯುವುದಕ್ಕೆ ಕೂಡಿಟ್ಟವರು ಬೇಕು ಎಂಬ ವಿರೋಧಾಭಾಸವನ್ನೂ ಅದು ಎದುರಿಸಿ ಬಿಡಿಸಲಿಲ್ಲ.

ಭಾರತದಲ್ಲಿ ಈ ವಿಚಾರ ಪಡೆದ ರೂಪ ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ. ಇಂದಿನ ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ, ವಿಧವೆಯರಿಗಾಗಿ 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನವನ್ನು ಅಮೆರಿಕದ ಸಂಘವೊಂದರ ಹತ್ತು ವರ್ಷಗಳ ವಾಗ್ದತ್ತ ಚಂದಾದಿಂದ ನಡೆಸಿದ್ದರು. ಆ ಅವಧಿ ಮುಗಿಯುತ್ತಾ ಬಂದ ಹೊತ್ತಿಗೆ ಮುಲ್ಲರ್ ಮತ್ತು ಇದೇ ಪರಂಪರೆಯ ಮಿಷನರಿ ಹಡ್ಸನ್ ಟೇಲರ್ ಅವರ ಜೀವನವೃತ್ತಾಂತಗಳನ್ನು ಓದಿದ್ದ ಅವರು, ಕ್ಷಾಮದಲ್ಲಿ ದಿಕ್ಕಿಲ್ಲದಾದ ನೂರಾರು ಹೆಣ್ಣುಮಕ್ಕಳನ್ನು ಪುಣೆ ಬಳಿಯ ಕೇಡಗಾಂವಿಗೆ ಕರೆತಂದು, ಮುಕ್ತಿ ಸದನವನ್ನು ದೇವರ ಭರವಸೆಯ ಮೇಲೆ ನಡೆಸಲು ನಿರ್ಧರಿಸಿದರು. ಆದರೆ ಅಲ್ಲಿ ಪ್ರಾರ್ಥನೆಯ ಜೊತೆಗೆ ಬಾವಿ ತೋಡಿಸುವುದು, ಬೇಸಾಯ, ನೇಯ್ಗೆ, ಮುದ್ರಣಾಲಯಗಳೂ ಇದ್ದವು. ಆಶ್ರಯ ಪಡೆದವರು ದಾನದ ಪಾತ್ರರಾಗಿ ಉಳಿಯದೆ ದುಡಿಯುವ ಕೈಗಳಾದರು. ದೇವರನ್ನು ನಂಬುವುದಕ್ಕೂ ನಾಳೆಗೆ ಬಿತ್ತುವುದಕ್ಕೂ ವಿರೋಧವಿಲ್ಲವೆಂದು ರಮಾಬಾಯಿ ಮಾಡಿ ತೋರಿಸಿದರು.

ಕಾಣಿಕೆ ಕೊಟ್ಟರೆ ದೇವರು ಹಲವು ಪಟ್ಟು ಹಿಂದಿರುಗಿಸುತ್ತಾನೆಂದು ಸಾರುವ ಇಂದಿನ ‘ಸಮೃದ್ಧಿಯ ಸುವಾರ್ತೆ’ಯ ಪ್ರಚಾರಕರಲ್ಲಿ ಕೆಲವರು ಮುಲ್ಲರ್ ಹೆಸರನ್ನೂ ಬಳಸುವುದುಂಟು. ಇಬ್ಬರೂ ವಿಶ್ವಾಸದ ಮಾತಾಡಿದರೂ ಹಣ ಹರಿಯುವ ದಿಕ್ಕು ಬೇರೆ: ಅಲ್ಲಿ ಭಕ್ತನ ಜೇಬಿನಿಂದ ಬೋಧಕನತ್ತ, ಇಲ್ಲಿ ಬೋಧಕನ ಕೈಯಿಂದ ಮಗುವಿನ ತಟ್ಟೆಯತ್ತ. ಬ್ರಿಸ್ಟಲಿನ ಬಡತನದ ದಿನಗಳಲ್ಲಿ ಅನಾಥಾಲಯದ ಕೆಲಸಗಾರರು ತಮ್ಮ ಬಳಿ ಇದ್ದುದನ್ನು ಮೊದಲು ಕೊಟ್ಟು, ಆಮೇಲೆ ದೇವರಲ್ಲಿ ಬೇಡಬೇಕೆಂಬ ಪದ್ಧತಿ ಇಟ್ಟುಕೊಂಡಿದ್ದರು. ದೈವವಿಶ್ವಾಸವನ್ನು ಸಂಪತ್ತಿನ ಉಪಾಯವಾಗಲು ಬಿಡದೆ ಕಾಪಾಡಿದ್ದು ಈ ಕ್ರಮವೇ. ಬಡತನದ ಕಾರಣಗಳನ್ನು ಪ್ರಶ್ನಿಸುವುದರಲ್ಲಿ ಈ ಪರಂಪರೆ ಸೋತಿತು; ಆದರೆ ಧರ್ಮದ ಹೆಸರಿನಲ್ಲಿ ಹಣ ಮುಟ್ಟುವವರು ಲೆಕ್ಕ ತೋರಿಸಬೇಕು, ಸಾಲ ಮಾಡಬಾರದು, ಸ್ವಂತಕ್ಕೆ ಉಳಿಸಿಕೊಳ್ಳಬಾರದು ಎಂದು ಅದು ಹಾಕಿಕೊಟ್ಟ ಅಳತೆಗೋಲಿಗೆ ನಿಲ್ಲಬಲ್ಲ ಧಾರ್ಮಿಕ ಸಂಸ್ಥೆಗಳು ಯಾವ ಮತದಲ್ಲಿಯೂ ಹೆಚ್ಚಿಲ್ಲ.