ಮೂಲ ಅಳಿದು ಪ್ರತಿ ಉಳಿದ ರಾಜಚಿತ್ರ

ಚಿತ್ರಕಲೆಯ ವಿಷಯದಲ್ಲಿ ‘ಪ್ರತಿ’ ಎಂಬ ಮಾತನ್ನು ನಾವು ತಾತ್ಸಾರದಿಂದಲೇ ಆಡುತ್ತೇವೆ. ಆದರೆ ಮೂಲ ಓಲೆ ನಶಿಸಿದ ಮೇಲೂ ಲಿಪಿಕಾರನ ಪ್ರತಿಯಿಂದ ಗ್ರಂಥ ಉಳಿದುಬರುವ ಸಂಗತಿ ವಾಚಕರಿಗೆ ಹೊಸದೇನಲ್ಲ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಪೆಟ್‌ವರ್ತ್ ಸೌಧದಲ್ಲಿರುವ ಎಂಟನೆಯ ಹೆನ್ರಿ ದೊರೆಯ ಪೂರ್ಣಾಕೃತಿಯ ಭಾವಚಿತ್ರವೂ ಅಂತಹುದೇ. ಅದು ಹಾನ್ಸ್ ಹೋಲ್ಬೈನನ ಚಿತ್ರಶಾಲೆಯ ಕೃತಿಯೆಂದು ಗಣಿತವಾಗಿದೆ.

ಇದರ ಮೂಲವು 1537ರಲ್ಲಿ ಹೋಲ್ಬೈನನು ಲಂಡನ್ನಿನ ವೈಟ್‌ಹಾಲ್ ಅರಮನೆಯಲ್ಲಿ ರಚಿಸಿದ ಭಿತ್ತಿಚಿತ್ರ. ಅದರಲ್ಲಿ ಹೆನ್ರಿ, ಅವನ ತಂದೆತಾಯಿಗಳು, ಮೂರನೆಯ ರಾಣಿ ಜೇನ್ ಸೀಮೋರ್ ಒಟ್ಟಾಗಿ ನಿಂತಿದ್ದರು. 1698ರ ಜನವರಿಯಲ್ಲಿ ಅರಮನೆಗೆ ಬಿದ್ದ ಬೆಂಕಿಯಲ್ಲಿ ಅದು ಭಸ್ಮವಾಯಿತು. ಭಿತ್ತಿಚಿತ್ರಕ್ಕೆಂದು ಕಾಗದದ ಮೇಲೆ ಬರೆದ ಬೃಹತ್ ಕರಡಿನ ಎಡಭಾಗವು ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯದಲ್ಲಿ ಉಳಿದಿದೆ. ಅಲ್ಲಿ ದೊರೆಯ ಮುಖ ಕೊಂಚ ಪಕ್ಕಕ್ಕೆ ತಿರುಗಿದೆ; ಪ್ರತಿಗಳಲ್ಲಾದರೋ ಅದು ನೇರವಾಗಿ ನಮ್ಮನ್ನೇ ದಿಟ್ಟಿಸುತ್ತದೆ. ಗೋಡೆಯ ಮೇಲೆ ಬರೆಯುವಾಗ ಕಲಾವಿದನು ಮಾಡಿದ ಈ ಮಹತ್ತರ ಬದಲಾವಣೆಯನ್ನು ನಮಗೆ ತಿಳಿಸಿದ್ದು ಪ್ರತಿಗಳೇ. ಇದು ಸಾಮಾನ್ಯ ಉಪಕಾರವಲ್ಲ.

ದೊರೆಯ ತಲೆಯ ಮೇಲೆ ಕಿರೀಟವಿಲ್ಲ, ಕೈಯಲ್ಲಿ ರಾಜದಂಡವಿಲ್ಲ. ಅಗಲಿಸಿ ಊರಿದ ಕಾಲುಗಳು, ವಿಶಾಲ ಭುಜಗಳು, ಕಠಾರಿಯ ಬಳಿ ಸುಳಿದ ಕೈ, ಇಷ್ಟರಿಂದಲೇ ಅಧಿಕಾರ ಮೂರ್ತಿಮತ್ತಾಗಿದೆ. 1536ರಲ್ಲಿ ಕುದುರೆಯಿಂದ ಬಿದ್ದ ಈ ದೊರೆಯನ್ನು ಕಾಲಿನ ವಾಸಿಯಾಗದ ಹುಣ್ಣು ಕಾಡುತ್ತಿತ್ತು. ಚಿತ್ರವು ಹೆಮ್ಮೆಯಿಂದ ಪ್ರದರ್ಶಿಸುವುದು ಆ ಕಾಲುಗಳನ್ನೇ! ಪ್ರಭುವಿನ ಬಯಕೆಯನ್ನು ಕಲೆ ಹೇಗೆ ಸತ್ಯವಾಗಿ ತೋರಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದರೆ ಪ್ರತಿಯ ಕೊರತೆಗಳನ್ನೂ ಹೇಳಲೇಬೇಕು. ಮ್ಯಾಡ್ರಿಡ್ ನಗರದ ಥೈಸೆನ್ ಸಂಗ್ರಹಾಲಯದಲ್ಲಿ ಹೋಲ್ಬೈನನೇ ಬರೆದ ಹೆನ್ರಿಯ ಕಿರುಚಿತ್ರವಿದೆ. ಅದರ ಎತ್ತರ 28 ಸೆಂಟಿಮೀಟರ್ ಮಾತ್ರ. ಅಲ್ಲಿಯ ಸಣ್ಣ ಕಣ್ಣುಗಳ ಹಿಂದೆ ಶಂಕೆಯಿಂದ ಕೂಡಿದ ಜೀವವೊಂದು ಮಿಡಿಯುತ್ತದೆ. ಚಿತ್ರಶಾಲೆಯ ಕೈಗಳು ವಸ್ತ್ರದ ಕಸೂತಿಯನ್ನು ಶ್ರದ್ಧೆಯಿಂದ ಅನುಸರಿಸಿವೆ. ಮುಖ ಮಾತ್ರ ಮುಖವಾಡದತ್ತ ಸರಿದಿದೆ.

ಇದಕ್ಕಿಂತ ದೊಡ್ಡ ನಷ್ಟ ಮತ್ತೊಂದು. ಮೂಲವು ಒಂದು ವಂಶದ ಚಿತ್ರವಾಗಿತ್ತು. ತಂದೆ ಹಿರಿಯನೋ ಮಗ ಹಿರಿಯನೋ ಎಂದು ಅದರ ಬರಹವೇ ಕೇಳುತ್ತಿತ್ತು. ಪ್ರತಿಯಲ್ಲಿ ಉಳಿದವರಾರೂ ಇಲ್ಲ, ದೊರೆ ಒಬ್ಬನೇ. ಪ್ರಶ್ನೆ ಅಳಿದು ದರ್ಪ ಉಳಿಯಿತು. ಅದೇ 1537ರ ಅಕ್ಟೋಬರಿನಲ್ಲಿ ಗಂಡುಮಗುವನ್ನು ಹೆತ್ತು ಕೆಲವೇ ದಿನಗಳಲ್ಲಿ ತೀರಿಕೊಂಡ ಜೇನಳಿಗೂ ಇಲ್ಲಿ ಎಡೆಯಿಲ್ಲ. 1688ರಿಂದ ಪೆಟ್‌ವರ್ತ್ ಸೌಧವನ್ನು ಹೊಸದಾಗಿ ಕಟ್ಟಿಸಿದ ಸಾಮರ್ಸೆಟ್ಟಿನ ಆರನೆಯ ಡ್ಯೂಕನು ಆಕೆಯ ಅಣ್ಣನ ವಂಶಸ್ಥನೆಂಬುದನ್ನು ನೆನೆದಾಗ ಈ ಶೂನ್ಯ ಇನ್ನೂ ಎದ್ದು ಕಾಣುತ್ತದೆ.

ಆದುದರಿಂದ ಪ್ರತಿಯೆಂದು ಹೀಗಳೆಯುವುದೂ ಸಲ್ಲ, ಪ್ರತಿಯನ್ನೇ ಮೂಲವೆಂದು ಭ್ರಮಿಸುವುದೂ ಸಲ್ಲ. ಅದು ಉಳಿಸಿಕೊಟ್ಟುದಕ್ಕೆ ಕೃತಜ್ಞರಾಗಿ, ಬಿಟ್ಟುದನ್ನು ಅರಸುವುದೇ ಸಹೃದಯನ ಧರ್ಮ.