ಚಿತ್ರಪಟದ ರಾಣಿ

ಕಳೆದ ವರ್ಷ ಒಂದು ಮಧ್ಯಾಹ್ನ ಬಿ.ಎ. ತರಗತಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಸಾಹಿತ್ಯವನ್ನು ಕುರಿತು ಹೇಳುತ್ತಿದ್ದೆ. ಆರನೆಯ ವಿಕ್ರಮಾದಿತ್ಯನ ಮಾತು ಬಂದಿತು. ಅವನ ಆಸ್ಥಾನಕ್ಕೆ ಕಾಶ್ಮೀರದಿಂದ ಬಂದ ಬಿಲ್ಹಣನ ಮಾತು ಬಂದಿತು. ಬಿಲ್ಹಣನ ‘ವಿಕ್ರಮಾಂಕದೇವಚರಿತ’ದಲ್ಲಿ ಬರುವ ಚಂದ್ರಲೇಖೆಯ ಸ್ವಯಂವರದ ಮಾತೂ ಬಂದಿತು. ಹದಿನೈದು ವರ್ಷಗಳಿಂದ ಹೇಳುತ್ತ ಬಂದಂತೆ ಅಂದೂ ಹೇಳಿದೆ: “ಕರಹಾಟದ ಶಿಲಾಹಾರ ರಾಜಕುಮಾರಿ ನೆರೆದ ಅರಸರನ್ನೆಲ್ಲ ದಾಟಿ ಬಂದು ನಮ್ಮ ವಿಕ್ರಮನ ಕೊರಳಿಗೆ ಮಾಲೆ ಹಾಕಿದಳು.” ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. “ಸರ್, ಆಕೀನ ಆರಿಸಿದಳೋ, ಕವಿ ಆರಿಸಿ ಕೊಟ್ಟನೋ?” ತರಗತಿ ನಕ್ಕಿತು. ನಾನೂ ನಕ್ಕು, “ಕೂಡು ತಂಗಿ, ಮುಂದ ಹೇಳತೀನಿ” ಎಂದೆ. ಹೇಳಲಿಲ್ಲ. ಗಂಟೆ ಬಾರಿಸಿತೆಂಬುದು ನೆಪ. ಹೇಳುವುದಕ್ಕೆ ನನ್ನಲ್ಲಿ ಏನೂ ಇರಲಿಲ್ಲವೆಂಬುದು ನಿಜ.

ಆ ಪ್ರಶ್ನೆ ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ. ಈ ಲೇಖನ ತಡವಾಗಿ ಬಂದ ಉತ್ತರ.

ಚಿಕ್ಕೋಡಿ ಸೀಮೆಯವರಿಗೆ ಕರಹಾಟವೇನೂ ದೂರದ ಊರಲ್ಲ. ಕೃಷ್ಣೆಯೂ ಕೊಯ್ನೆಯೂ ಕೂಡುವ ಇಂದಿನ ಕರಾಡವೇ ಅದು. ಆ ಸಂಗಮದಲ್ಲಿ ಹರಿದ ನೀರೇ ಇಳಿದು ನಮ್ಮ ಜುಗೂಳ, ಯಡೂರುಗಳ ಮುಂದೆ ಹಾಯ್ದುಹೋಗುತ್ತದೆ. ಜುಗೂಳದ ಆಚೆ ದಂಡೆಯಲ್ಲಿ ಖಿದ್ರಾಪುರದ ಕೋಪೇಶ್ವರ ದೇವಾಲಯವಿದೆ. ಶಿಲಾಹಾರರ ಕಾಲದ ಕಲ್ಲಿನ ಕೆಲಸಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಹೊಳೆಯ ನಡುವೆ ಈಗ ಎರಡು ರಾಜ್ಯಗಳ ಗಡಿ. ಈಚೆ ದಂಡೆಯಲ್ಲಿ ನಿಂತು ನಾನು “ನಮ್ಮ ವಿಕ್ರಮ” ಎನ್ನುವಾಗ ಆಚೆ ದಂಡೆಯಲ್ಲಿ ನಿಂತವರು “ನಮ್ಮ ಮಗಳು” ಎನ್ನಬಹುದು. ಇಬ್ಬರೂ ಅವಳ ಪರವಾಗಿ ಮಾತಾಡಿದಂತೆ ಕಾಣುತ್ತದೆ. ಇಬ್ಬರೂ ಅವಳನ್ನು ಕೇಳಿಲ್ಲ.

ಬಿಲ್ಹಣನನ್ನು ಮೊದಲು ನೋಡೋಣ. ಕಾಶ್ಮೀರದ ಖೋನಮುಖದಲ್ಲಿ ಹುಟ್ಟಿದ ಈ ಬ್ರಾಹ್ಮಣ ಕವಿ ಮಥುರೆ, ಕನೂಜ, ಪ್ರಯಾಗ, ಕಾಶಿಗಳನ್ನು ಸುತ್ತಿ, ಸೋಮನಾಥವನ್ನು ಕಂಡು, ಕೊನೆಗೆ ಕಲ್ಯಾಣದಲ್ಲಿ ನೆಲೆ ನಿಂತನು. ವಿಕ್ರಮಾದಿತ್ಯ ಅವನಿಗೆ ವಿದ್ಯಾಪತಿ ಎಂಬ ಪದವಿಯನ್ನಿತ್ತನು. ಆ ಋಣಕ್ಕೆ ಕವಿ ಹದಿನೆಂಟು ಸರ್ಗಗಳ ಕಾವ್ಯವನ್ನು ಬರೆದನು. ಶತಮಾನಗಳ ಕಾಲ ಮರೆವಿನಲ್ಲಿದ್ದ ಅದರ ಹಸ್ತಪ್ರತಿ 1874ರಲ್ಲಿ ಜರ್ಮನ್ ವಿದ್ವಾಂಸ ಬ್ಯೂಲರನಿಗೆ ಜೈಸಲ್ಮೇರಿನ ಜೈನ ಭಂಡಾರದಲ್ಲಿ ದೊರೆಯಿತು, 1875ರಲ್ಲಿ ಅಚ್ಚಾಯಿತು. ಕನ್ನಡ ನಾಡಿನ ಚಕ್ರವರ್ತಿಯ ಚರಿತ್ರೆಯನ್ನು ಕಾಶ್ಮೀರದವನು ಬರೆದ, ರಾಜಸ್ಥಾನದ ಮರುಭೂಮಿ ಕಾಪಾಡಿತು, ಜರ್ಮನಿಯವನು ಹೊರತಂದ. ಇದು ನಾವು ಹೆಮ್ಮೆಪಡಬೇಕಾದ ಸಂಗತಿಯೋ ನಾಚಬೇಕಾದದ್ದೋ, ಓದುಗರೇ ತೀರ್ಮಾನಿಸಲಿ.

ಈ ಕಾವ್ಯದ ಎಂಟನೆಯ ಸರ್ಗದಲ್ಲಿ ಚಂದ್ರಲೇಖೆಯ ಸೌಂದರ್ಯವರ್ಣನೆ, ಒಂಬತ್ತನೆಯದರಲ್ಲಿ ಸ್ವಯಂವರ. ಪ್ರತಿಹಾರಿ ಒಬ್ಬೊಬ್ಬ ಅರಸನ ಮುಂದೆಯೂ ಕನ್ಯೆಯನ್ನು ನಿಲ್ಲಿಸಿ ಅವನ ವಂಶವನ್ನೂ ವೈಭವವನ್ನೂ ಹೇಳುತ್ತಾಳೆ. ಕನ್ಯೆ ಮುಂದೆ ಸಾಗುತ್ತಾಳೆ. ಅಯೋಧ್ಯೆಯ ಅರಸ, ಚೇದಿಯ ಅರಸ, ಮಾಳವದವನು, ಚೋಳ, ಪಾಂಡ್ಯ ಎಲ್ಲರೂ ಅಲ್ಲಿದ್ದಾರೆ. ಕಾಳಿದಾಸನನ್ನು ಓದಿದವರಿಗೆ ಈ ಮಂಟಪ ಪರಿಚಿತವಾದದ್ದೇ. ‘ರಘುವಂಶ’ದ ಆರನೆಯ ಸರ್ಗದಲ್ಲಿ ಇಂದುಮತಿ ಹೀಗೆಯೇ ನಡೆದಿದ್ದಳು, ಸುನಂದೆ ಹೀಗೆಯೇ ಹೇಳಿದ್ದಳು. ಬಿಲ್ಹಣ ಆ ಹಳೆಯ ಮಂಟಪಕ್ಕೆ ಹೊಸ ತಳಿರುತೋರಣ ಕಟ್ಟಿ ಕರಹಾಟಕ್ಕೆ ತಂದಿದ್ದಾನೆ.

ಇದರಲ್ಲಿ ತಪ್ಪೇನೂ ಇಲ್ಲ. ಮಹಾಕಾವ್ಯದ ಸಂಪ್ರದಾಯವೇ ಅದು. ಬಿಲ್ಹಣನ ಬಿಗಿಯಾದ ನುಡಿಗಟ್ಟು, ಮಾತಿನ ಲಾಲಿತ್ಯ ಯಾರೂ ಅಲ್ಲಗಳೆಯುವಂಥದಲ್ಲ. ತಪ್ಪಾಗಿದ್ದು ಅದನ್ನು ಪತ್ರಿಕಾವರದಿಯಂತೆ ಓದಿದ ನನ್ನಿಂದ. ಒಂದು ಕ್ಷಣ ಯೋಚಿಸಿದ್ದರೂ ಸಾಕಿತ್ತು. ಕರಹಾಟದ ಶಿಲಾಹಾರರು ಚಾಲುಕ್ಯರ ಸಾಮಂತರು. ಸಾಮಂತನ ಮಗಳು ಚಕ್ರವರ್ತಿಯನ್ನು ಎದುರಿಗೆ ಕೂಡಿಸಿಕೊಂಡು ಬೇರೊಬ್ಬನ ಕೊರಳಿಗೆ ಮಾಲೆ ಹಾಕುವಂತಿತ್ತೇ? ವಿಕ್ರಮನಿಗೆ ಬದ್ಧವೈರಿಯಾಗಿದ್ದ ಚೋಳನು ಶತ್ರುವಿನ ಸಾಮಂತನ ಅಂಗಳಕ್ಕೆ ವರನಾಗಿ ಬಂದು ಸಾಲಿನಲ್ಲಿ ಕುಳಿತಾನೇ? ಬೇರೆಯವರನ್ನು ಆರಿಸುವ ದಾರಿ ಇಲ್ಲದಲ್ಲಿ ಆಯ್ಕೆ ಎಂಬ ಮಾತಿಗೆ ಅರ್ಥವಿಲ್ಲ. ಎರಡು ಮನೆತನಗಳ ನಡುವಣ ರಾಜಕಾರ್ಯವನ್ನು ಕವಿ ಪ್ರಣಯವನ್ನಾಗಿ ಮಾಡಿದ್ದಾನೆ ಎಂದೇ ನನಗೆ ಈಗ ತೋರುತ್ತದೆ.

ಬಿಲ್ಹಣನ ಈ ಪದ್ಧತಿ ಕಾವ್ಯದ ಬೇರೆ ಕಡೆಯೂ ಕಾಣುತ್ತದೆ. 1076ರಲ್ಲಿ ವಿಕ್ರಮ ತನ್ನ ಅಣ್ಣ ಇಮ್ಮಡಿ ಸೋಮೇಶ್ವರನನ್ನು ಕೆಳಗಿಳಿಸಿ ಪಟ್ಟವೇರಿದನು. ಕಾವ್ಯದಲ್ಲಿಯಾದರೋ ವಿಕ್ರಮನಿಗೆ ಅಣ್ಣನ ಮೇಲೆ ಕೈಯೆತ್ತಲು ಮನಸ್ಸೇ ಇಲ್ಲ. ಸಾಕ್ಷಾತ್ ಶಿವನೇ ಆಜ್ಞಾಪಿಸಿ ಅವನನ್ನು ಯುದ್ಧಕ್ಕೆ ಹಚ್ಚುತ್ತಾನೆ. ಕೈಗೆ ರಕ್ತ ಹತ್ತಿದಲ್ಲಿ ದೇವರು, ಒತ್ತಾಯವಿದ್ದಲ್ಲಿ ಪ್ರೇಮ. ಆಸ್ಥಾನಕವಿಯ ಕಾವ್ಯದಲ್ಲಿ ದೇವರು ಇಳಿದು ಬಂದ ಜಾಗವನ್ನು ಇತಿಹಾಸದ ವಿದ್ಯಾರ್ಥಿ ಗುರುತು ಹಾಕಿಕೊಳ್ಳಬೇಕು; ಮುಚ್ಚಬೇಕಾದದ್ದೇನೋ ಅಲ್ಲಿತ್ತು.

ಇದು ಸಂಸ್ಕೃತ ಕವಿಗಳ ಗುಣ, ನಮ್ಮವರು ಹಾಗಲ್ಲ ಎಂದು ಯಾರೂ ಸಮಾಧಾನಪಟ್ಟುಕೊಳ್ಳಬೇಕಾಗಿಲ್ಲ. 941ರಲ್ಲಿ ಪಂಪ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದಾಗ ವೇಮುಲವಾಡದ ಅರಿಕೇಸರಿಯನ್ನು ಅರ್ಜುನನೊಡನೆ ಒಂದು ಮಾಡಿದನು. ಹಾಗೆ ಮಾಡಿದ ಕೂಡಲೇ ಅವನಿಗೆ ಒಂದು ತೊಡಕು ಎದುರಾಯಿತು. ಐವರ ಹೆಂಡತಿಯಾದ ದ್ರೌಪದಿಯನ್ನು ಏನು ಮಾಡುವುದು? ಪಂಪ ಅವಳನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದನು. ಆದರೂ ಕೊನೆಯಲ್ಲಿ ಪಟ್ಟಾಭಿಷೇಕದ ಹೊತ್ತಿಗೆ ಅರ್ಜುನನ ಜೊತೆ ಸಿಂಹಾಸನದಲ್ಲಿ ಕುಳಿತವಳು ಸುಭದ್ರೆ. ತುಂಬಿದ ಸಭೆಯಲ್ಲಿ ಅವಮಾನವನ್ನುಂಡವಳು ಒಬ್ಬಳು, ಪಟ್ಟವನ್ನುಂಡವಳು ಇನ್ನೊಬ್ಬಳು. ಪಂಪನಂಥ ಮಹಾಕವಿಗೂ ಆಶ್ರಯದಾತನ ಮನೆಯ ಮರ್ಯಾದೆಗಾಗಿ ಪುರಾಣದ ರಾಣಿಯನ್ನು ಪಕ್ಕಕ್ಕೆ ಸರಿಸಬೇಕಾಯಿತು. ರಾಜನಿಗೆ ತಕ್ಕಂತೆ ರಾಣಿ ಬದಲಾಗುತ್ತಾಳೆ. ರಾಣಿಗೆ ತಕ್ಕಂತೆ ರಾಜ ಬದಲಾದ ಕಾವ್ಯವನ್ನು ನಾನು ಕಂಡಿಲ್ಲ.

ಇನ್ನು ಕಲ್ಹಣ. ಚಂದ್ರಲೇಖೆಯ ಕಥೆ ಬಿಲ್ಹಣನಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅವಳ ಹೆಸರು, ಚಂದಲಾ ಎಂಬ ರೂಪದಲ್ಲಿ, ಸಾವಿರ ಮೈಲಿಗೂ ಹೆಚ್ಚು ದೂರದ ಕಾಶ್ಮೀರದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. 1149-50ರ ಹೊತ್ತಿಗೆ ಮುಗಿದ ಕಲ್ಹಣನ ‘ರಾಜತರಂಗಿಣಿ’ಯ ಏಳನೆಯ ತರಂಗದಲ್ಲಿ 1089ರಿಂದ 1101ರ ವರೆಗೆ ಆಳಿದ ಹರ್ಷರಾಜನ ಕಥೆಯಿದೆ. ಈ ಹರ್ಷನಿಗೆ ದಕ್ಷಿಣದ ಬೆಡಗೆಂದರೆ ಪ್ರಾಣ. ಕರ್ಣಾಟದ ಮಾದರಿಯ ನಾಣ್ಯವನ್ನೇ ತನ್ನ ರಾಜ್ಯದಲ್ಲಿ ಚಲಾವಣೆಗೆ ತಂದನು. ಅವನೊಮ್ಮೆ ಕರ್ಣಾಟದ ಒಡೆಯ ಪರ್ಮಾಡಿಯ, ಎಂದರೆ ನಮ್ಮ ವಿಕ್ರಮನ, ರಾಣಿ ಚಂದಲೆಯ ಚಿತ್ರಪಟವನ್ನು ಕಂಡನು. ಕಂಡವನು ಮರುಳಾದನು. ಸುತ್ತಲಿದ್ದ ಹೊಗಳುಭಟರು ಹುರಿದುಂಬಿಸಿದರು. ಪರ್ಮಾಡಿಯನ್ನು ಕೊಂದು ಚಂದಲೆಯನ್ನು ತರುವೆನೆಂದು ತುಂಬಿದ ಸಭೆಯಲ್ಲಿ ಪ್ರತಿಜ್ಞೆ ಮಾಡಿದನು. ಅಲ್ಲಿಯವರೆಗೆ ಕರ್ಪೂರವನ್ನು ಮುಟ್ಟುವುದಿಲ್ಲವೆಂದು ವ್ರತ ಹಿಡಿದನು. ಮದನನೆಂಬ ದಂಡನಾಯಕ ಆ ಚಿತ್ರದ ಕಾವಲಿಗೆ ನಿಂತನು. ಚಿತ್ರದ ರಾಣಿಗೆ ಸೀರೆಗೆಂದೂ ಒಡವೆಗೆಂದೂ ಅರಸನಿಂದ ಹಣ ಕೀಳುತ್ತಿದ್ದನು.

ಕಲ್ಹಣ ಇದನ್ನು ಹೇಳುವ ಧಾಟಿ ಗಮನಾರ್ಹವಾದುದು. ಅವನ ತಂದೆ ಚಂಪಕ ಇದೇ ಹರ್ಷನ ಮಂತ್ರಿಯಾಗಿದ್ದವನು. ಆದರೂ ಕಲ್ಹಣ ಇಲ್ಲಿ ಶೃಂಗಾರಕ್ಕೆ ಎಡೆಗೊಡುವುದಿಲ್ಲ. ಅರಸನ ಮೂರ್ಖತನವನ್ನು ನೋಡಿ ನಗುತ್ತಾನೆ. ಬಿಲ್ಹಣನ ಕೈಯಲ್ಲಿ ಚಂದ್ರಲೇಖೆ ವರ್ಣನೆಯಾದಳು. ಹರ್ಷನ ಕೈಯಲ್ಲಿ ಬಣ್ಣದ ಹಲಗೆಯಾದಳು. ಇಬ್ಬರಲ್ಲಿ ಹೆಚ್ಚು ಅಂತರವಿಲ್ಲವೆಂಬುದನ್ನು ಕಲ್ಹಣನ ನಗೆ ನನಗೆ ತಿಳಿಸಿಕೊಟ್ಟಿತು. ಅದೂ ಅವಳ ಮಾತನ್ನು ನಮಗೆ ಕೇಳಿಸುವುದಿಲ್ಲ, ನಿಜ; ಆದರೆ ನಾವು ನೋಡುತ್ತಿರುವುದು ಚಿತ್ರವನ್ನು, ಹೆಣ್ಣನ್ನಲ್ಲ ಎಂಬ ಎಚ್ಚರವನ್ನಾದರೂ ಕೊಡುತ್ತದೆ. ವಿಮರ್ಶೆಯ ಮೊದಲ ಕೆಲಸ ಇದೇ.

ಬೀದರ ಜಿಲ್ಲೆಯ ಜಲಸಂಗ್ವಿಯ ಗುಡಿಯಲ್ಲಿ ಒಬ್ಬ ಶಿಲಾಬಾಲಿಕೆ ನಿಂತಿದ್ದಾಳೆ. ಬೆನ್ನು ತಿರುಗಿಸಿ, ಕೈಯೆತ್ತಿ, ಶಾಸನವನ್ನು ಬರೆಯುತ್ತಿರುವ ಭಂಗಿ. ಬರೆಯುವ ಹೆಣ್ಣು ಎಂದು ನಾವು ಸಂತೋಷಪಡುವಷ್ಟರಲ್ಲಿ ಬರೆದದ್ದೇನೆಂದು ನೋಡಬೇಕಾಗುತ್ತದೆ: ಅದು ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ. ಲೇಖನಿ ಅವಳದು, ಮಾತು ಅರಮನೆಯದು.

ಹಾಗಾದರೆ ನಮ್ಮ ನಾಡಿನ ರಾಣಿಯರು ಎಲ್ಲಿಯೂ ಸಿಗುವುದೇ ಇಲ್ಲವೇ? ಸಿಗುತ್ತಾರೆ, ಕಾವ್ಯವನ್ನು ಮುಚ್ಚಿಟ್ಟು ಕಲ್ಲಿನ ಕಡೆಗೆ ತಿರುಗಬೇಕು. ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿ ಕಿಸುಕಾಡು ಎಪ್ಪತ್ತನ್ನು ಆಳಿದವಳು. ಶಾಸನಗಳು ಅವಳನ್ನು ‘ಗುಣದ ಬೆಡಂಗಿ’ ಎನ್ನುತ್ತವೆ, ‘ಏಕವಾಕ್ಯೆ’ ಎನ್ನುತ್ತವೆ. ಅರಸೀಬೀದಿಯ 1047ರ ಶಾಸನದ ಕಾಲಕ್ಕೆ ಅವಳು ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿ ಬೀಡು ಬಿಟ್ಟಿದ್ದಳು. ಗೋಕಾಗೆಯೆಂದರೆ ನಮ್ಮ ನೆರೆಯ ಗೋಕಾಕವೇ. ಚಿಕ್ಕೋಡಿಯಿಂದ ಬಸ್ಸಿನಲ್ಲಿ ಹೋಗಿ ಜಲಪಾತವನ್ನು ನೋಡಿ ಬರುವ ನಮ್ಮಲ್ಲಿ ಎಷ್ಟು ಮಂದಿ ಈ ಮುತ್ತಿಗೆಯನ್ನು ನೆನೆಯುತ್ತೇವೆ?

ಶಾಸನವೂ ಹೊಗಳಿಕೆಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಬಿರುದುಗಳು ಹೊಗಳಿಕೆಯೇ. ಆಳುವ ಮನೆತನಗಳಿಗೆ ಪುರಾಣದ ಬೇರನ್ನು ಕಟ್ಟಿದ್ದೂ ಶಾಸನಗಳೇ. ಶಿಲಾಹಾರರು ತಮ್ಮನ್ನು ವಿದ್ಯಾಧರ ಜೀಮೂತವಾಹನನ ವಂಶದವರೆಂದು ಹೇಳಿಸಿಕೊಂಡರು. ಆದರೆ ಶಾಸನಕ್ಕೆ ಹೊಗಳಿಕೆಯಾಚೆಗೆ ಒಂದು ಕೆಲಸವಿರುತ್ತದೆ. ಇಂಥ ದಿನ, ಇಂಥ ಊರು, ಇಷ್ಟು ಮತ್ತರು ಭೂಮಿ, ಇಂಥ ಎಲ್ಲೆ ಎಂದು ಅದು ಹೇಳಲೇಬೇಕು. ಸುಳ್ಳಾದರೆ ನಾಳೆ ಜಗಳವಾಗುತ್ತದೆ. ಆ ಲೆಕ್ಕದ ಸಾಲುಗಳಲ್ಲಿಯೇ ರಾಣಿ ಆಳುತ್ತಾಳೆ, ದಾನ ಕೊಡುತ್ತಾಳೆ, ದಂಡು ನಡೆಸುತ್ತಾಳೆ. ವಿಚಿತ್ರವೆಂದರೆ ಮಾಲೆ ಹಿಡಿದ ಚಂದ್ರಲೇಖೆಗೆ ಮಹಾಕಾವ್ಯದ ಸರ್ಗಗಳು ಮೀಸಲಾದವು. ಕೋಟೆಗೆ ಮುತ್ತಿಗೆ ಹಾಕಿದ ಅಕ್ಕಾದೇವಿಗೆ ಉಳಿದದ್ದು ಶಾಸನದ ಸಾಲುಗಳು ಮತ್ತು ಅರಸೀಬೀದಿ ಎಂಬ ಊರ ಹೆಸರು.

ಇದೆಲ್ಲ ಹಳೆಯ ಮಾತು ಎನ್ನುವಂತಿಲ್ಲ. ನಮ್ಮ ಶಾಲೆಗಳ ಸ್ನೇಹಸಮ್ಮೇಳನಗಳಲ್ಲಿ ಪ್ರತಿ ವರ್ಷವೂ ಒಬ್ಬ ಹುಡುಗಿ ಕಚ್ಚೆಸೀರೆ ಉಟ್ಟು, ರಟ್ಟಿನ ಖಡ್ಗ ಹಿಡಿದು ಕಿತ್ತೂರು ಚೆನ್ನಮ್ಮನಾಗಿ ನಿಲ್ಲುತ್ತಾಳೆ. 1961ರ ಚಲನಚಿತ್ರದಲ್ಲಿ ಬಿ. ಸರೋಜಾದೇವಿಯವರು ನಿಂತ ನಿಲುವೇ ಆ ಹುಡುಗಿಗೆ ಮಾದರಿ. ಚಪ್ಪಾಳೆ ಬೀಳುತ್ತದೆ, ಬೀಳಲಿ. ಆದರೆ 1824ರಲ್ಲಿ ನಡೆದದ್ದು ಖಡ್ಗದ ಮಾತಷ್ಟೇ ಅಲ್ಲ. ಶಿವಲಿಂಗರುದ್ರಸರ್ಜ ತೀರಿಕೊಂಡ ಮೇಲೆ ದತ್ತಕವನ್ನು ಕಂಪನಿಯವರು ಒಪ್ಪಲಿಲ್ಲ. ಥ್ಯಾಕರೆ ಬಂದು ಖಜಾನೆಗೆ ಮೊಹರು ಹಾಕಿದ. ಒಬ್ಬ ವಿಧವೆ ರಾಣಿ ಉತ್ತರಾಧಿಕಾರದ ಹಕ್ಕನ್ನು ಹಿಡಿದು ವಾದಿಸಿದಳು. ವಾದ ನಡೆಯದಾದಾಗ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ಯುದ್ಧ ಕೊಟ್ಟಳು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಮೊಹರು, ದತ್ತಕ, ಸೆರೆವಾಸ ಇವನ್ನು ಬಿಟ್ಟು ಖಡ್ಗವನ್ನಷ್ಟೇ ಹುಡುಗಿಯ ಕೈಗೆ ಕೊಟ್ಟರೆ ನಾವು ಕೊಟ್ಟದ್ದು ಇನ್ನೊಂದು ಚಿತ್ರಪಟವನ್ನೇ. ಅದಕ್ಕೂ ಸೀರೆ ಒಡವೆಗಳ ಖರ್ಚು ಬರೆದು ಹಣ ತೆಗೆದುಕೊಳ್ಳುವ ಮದನರು ಎಲ್ಲ ಕಾಲದಲ್ಲಿಯೂ ಇರುತ್ತಾರೆ.

ಬಿಲ್ಹಣನನ್ನು ಓದಬೇಡಿರೆಂದು ನಾನು ಹೇಳುವುದಿಲ್ಲ. ಕೊನೆಯ ಸರ್ಗದಲ್ಲಿ ಅವನು ತನ್ನ ಊರನ್ನು, ತನ್ನ ಮನೆತನವನ್ನು, ತನ್ನ ಅಲೆದಾಟವನ್ನು ಹೇಳಿಕೊಂಡ ಭಾಗವನ್ನು ಓದಿ ನೋಡಿ. ಅಲ್ಲಿ ಕವಿಯ ದನಿ ಬೇರೆಯಾಗಿಯೇ ಕೇಳುತ್ತದೆ. ತನ್ನ ಬಗೆಗೆ ಹೇಳುವಾಗ ಬಾಳನ್ನು ಕಂಡ ಕಣ್ಣೇ, ರಾಣಿಯ ಬಗೆಗೆ ಹೇಳುವಾಗ ಉಪಮೆಗಳನ್ನು ಮಾತ್ರ ಕಂಡಿತು. ಆ ಭೇದವನ್ನು ಗುರುತಿಸುತ್ತ ಓದಿದರೆ ಕಾವ್ಯದ ಸುಖಕ್ಕೂ ಕುಂದಿಲ್ಲ, ಇತಿಹಾಸಕ್ಕೂ ಮೋಸವಿಲ್ಲ.

ಈ ವರ್ಷ ಅದೇ ಪಾಠ ಮತ್ತೆ ಬಂದಿತು. ಹಿಂದಿನ ರಾತ್ರಿ ಹಳೆಯ ಟಿಪ್ಪಣಿಯ ವಹಿಯನ್ನು ತೆಗೆದೆ. “ಸ್ವಯಂವರದಲ್ಲಿ ವಿಕ್ರಮನನ್ನು ವರಿಸಿದಳು” ಎಂಬ ಸಾಲು ಹದಿನೈದು ವರ್ಷಗಳಿಂದ ಹಾಗೆಯೇ ಕುಳಿತಿತ್ತು. ಅದರ ಮೊದಲಿಗೆ “ಬಿಲ್ಹಣ ಹೇಳುವಂತೆ” ಎಂದು ಸೇರಿಸಿದೆ. ಕೆಳಗೆ ಅಕ್ಕಾದೇವಿಯ ಹೆಸರನ್ನೂ 1047 ಎಂಬ ಇಸವಿಯನ್ನೂ ಬರೆದೆ. ಪ್ರಶ್ನೆ ಕೇಳಿದ ಹುಡುಗಿ ಪರೀಕ್ಷೆ ಮುಗಿಸಿ ಹೊರಟುಹೋಗಿದ್ದಾಳೆ. ಮುಂದ ಹೇಳತೀನಿ ಎಂದ ಮಾತನ್ನು ಬೇರೆಯ ಮಕ್ಕಳ ಮುಂದೆ ನಡೆಸಬೇಕಾಯಿತು. ಈ ಪುಟವನ್ನು ಅವಳು ಎಲ್ಲಿಯಾದರೂ ಕಂಡರೆ ಅವಳ ಪಾಲಿನ ಉತ್ತರ ಇದು: ಕವಿ ಆರಿಸಿ ಕೊಟ್ಟ, ತಂಗಿ, ನಾನು ಕೇಳದೆ ತೆಗೆದುಕೊಂಡೆ.