ಬ್ಯಾಚಿನ ಆಸರೆ, ಬ್ಯಾಚಿನ ಅಂಜಿಕೆ

ಪರದೇಶದಲ್ಲಿ ಓದುವ ಮಕ್ಕಳ ಮನಸ್ಸಿನ ಚಿಂತೆ ಎಂದರೆ ನಮಗೆ ನೆನಪಾಗುವುದು ಇಲ್ಲಿಂದ ವಿಮಾನ ಹತ್ತಿದವರು. ಮಣಿಪಾಲಕ್ಕೆ ಬಂದಿಳಿದವರಿಗೂ ಇದೇ ಪರದೇಶ ಎಂಬುದು ಉಡುಪಿಯವರಾದ ನಮಗೆ ಅಷ್ಟು ಬೇಗ ಹೊಳೆಯುವುದಿಲ್ಲ.

1997ರಲ್ಲಿ ಶುರುವಾದ ಮೆಲಾಕ ಮಣಿಪಾಲ ವೈದ್ಯಕೀಯ ಕಾಲೇಜಿನ ಏರ್ಪಾಡನ್ನೇ ನೋಡಿ. ಮಲೇಷ್ಯಾದ ಹುಡುಗ ಹುಡುಗಿಯರು ಐದು ವರ್ಷದ ಎಂಬಿಬಿಎಸ್‌ನಲ್ಲಿ ಮೊದಲ ಎರಡೂವರೆ ವರ್ಷ ಮಣಿಪಾಲದಲ್ಲಿ ಓದಿ, ಉಳಿದದ್ದಕ್ಕೆ ತಮ್ಮ ದೇಶಕ್ಕೆ ಮರಳುತ್ತಿದ್ದರು. ಇದನ್ನು ರೂಪಿಸಿದವರ ಮನಸ್ಸಿನಲ್ಲಿ ಇದ್ದದ್ದು ಪಠ್ಯಕ್ರಮ. ಆದರೂ ಮನೋಸ್ವಾಸ್ಥ್ಯದ ದೃಷ್ಟಿಯಿಂದ ಇದರಲ್ಲೊಂದು ಜಾಣತನವಿತ್ತು. ಬರುವಾಗ ಇಡೀ ಬ್ಯಾಚೇ ಜೊತೆಗೆ ಬರುತ್ತಿತ್ತು. ಮರಳುವುದು ಯಾವಾಗ ಎಂಬುದು ಮೊದಲೇ ಗೊತ್ತಿತ್ತು. ಹಬ್ಬಕ್ಕೆ ಮನೆ ನೆನಪಾದರೆ ಪಕ್ಕದ ಕೋಣೆಯಲ್ಲಿ ಅದೇ ನೆನಪಿನವರು ಇದ್ದರು. ಇಂಥ ಆಸರೆಯನ್ನು ಯಾವ ಆಪ್ತಸಮಾಲೋಚಕರೂ ಒದಗಿಸಲಾರರು.

ದೋಷವೂ ಅಲ್ಲೇ ಇತ್ತು. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ ಎಂಬ ಭಾರೀ ಮೂಟೆ ಬೀಳುವುದು ಮೊದಲ ಹಂತದಲ್ಲೇ. ಊರು ಹೊಸದು, ಊಟ ಹೊಸದು, ಜೂನ್‌ನಿಂದ ತಿಂಗಳುಗಟ್ಟಲೆ ಬಿಡದ ಮಳೆ. ಅದರ ನಡುವೆ ಶವಚ್ಛೇದನದ ಮೇಜು. ಬ್ಯಾಚ್ ಆಸರೆಯಾದಷ್ಟೇ ಅಂಜಿಕೆಯೂ ಹೌದು: ಒಬ್ಬ ಪೇಪರ್ ಕಳೆದುಕೊಂಡರೆ ಮಧ್ಯಾಹ್ನದೊಳಗೆ ಮೆಸ್‌ಗೆಲ್ಲ ಸುದ್ದಿ.

ಆಪ್ತಸಮಾಲೋಚನೆಯ ಕೊಠಡಿಗೂ ಈ ತೊಡಕು ತಪ್ಪಿದ್ದಲ್ಲ. ವೈದ್ಯ ವಿದ್ಯಾರ್ಥಿಗೆ ಕಾಲೇಜಿನ ಆಸ್ಪತ್ರೆಯ ಮನೋವೈದ್ಯ ವಿಭಾಗ ಎಂದರೆ ನಾಳೆ ತನ್ನನ್ನು ಪರೀಕ್ಷಿಸುವ ಮೇಷ್ಟ್ರ ವಿಭಾಗ. ಒಪಿಡಿಯ ಬೆಂಚಿನಲ್ಲಿ ಕೂತರೆ ಡ್ಯೂಟಿಯಲ್ಲಿರುವ ಸೀನಿಯರ್ ಕಣ್ಣಿಗೆ ಬೀಳುವುದು ಖಂಡಿತ. ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಂಥದ್ದು ಕ್ಯಾಂಪಸ್‌ನ ಹೊರಗೆ, ಆದರೆ ಕೂಗಳತೆಯಲ್ಲಿರುವುದು ಈ ಕಾರಣಕ್ಕೆ ದೊಡ್ಡ ಸಂಗತಿ. 2022ರಲ್ಲಿ ಬಂದ ಮನೋಸ್ವಾಸ್ಥ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೂ ಅದೇ ಗುಣ; ಕರೆ ಮಾಡಿದವನ ಮುಖ ಯಾರಿಗೂ ಕಾಣದು.

2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಒಬ್ಬ ಅರ್ಹ ಸಮಾಲೋಚಕರಾದರೂ ಇರಬೇಕೆಂದು ಹೇಳಿತು. ಬೇಕಾದ ಮಾತೇ. ಆದರೆ ಕುರ್ಚಿ ತುಂಬಿತೇ ಎಂದು ಲೆಕ್ಕ ಹಾಕುವುದು ಸುಲಭ. ಆ ಬಾಗಿಲಿಗೆ ವಿದ್ಯಾರ್ಥಿ ಯಾರ ಕಣ್ಣಿಗೂ ಬೀಳದೆ ಹೋಗಬಹುದೇ ಎಂದು ನೋಡುವವರು ಕಡಿಮೆ.

ಎದುರು ದಿಕ್ಕಿನ ಪಯಣವೂ ಮಣಿಪಾಲದಲ್ಲೇ ಇದೆ. ಎರಡು ವರ್ಷ ಇಲ್ಲಿ ಓದಿ, ಉಳಿದ ಎಂಜಿನಿಯರಿಂಗ್ ಓದಿಗೆ ವಿದೇಶಿ ವಿಶ್ವವಿದ್ಯಾಲಯಕ್ಕೆ ದಾಟುವ ಕೋರ್ಸ್ ಅದು. ಮಲೇಷ್ಯಾದವರಿಗೆ ದೊರೆತದ್ದು ಇವರಿಗೆ ಇಲ್ಲ: ದಾಟುವ ಹೊತ್ತಿಗೇ ಬ್ಯಾಚ್ ಚದುರುತ್ತದೆ, ಒಬ್ಬೊಬ್ಬರು ಒಂದೊಂದು ಊರಿಗೆ. ಕಾರ್ಕಳದ ಅಮ್ಮ ಎದ್ದು ಫೋನ್ ಮಾಡುವಾಗ ಅಮೆರಿಕದ ಮಗನಿಗೆ ರಾತ್ರಿ; “ಊಟ ಆಯ್ತಾ” ಎಂಬಲ್ಲಿಗೆ ಮಾತು ಮುಗಿಯುತ್ತದೆ. ಇಲ್ಲಿ ತೆಗೆದುಕೊಳ್ಳುತ್ತಿದ್ದ ಮಾತ್ರೆ ಅಲ್ಲಿ ಬೇರೆ ಹೆಸರಿನಲ್ಲಿರಬಹುದು, ವಿಮೆ ಮನೋವೈದ್ಯರ ಶುಲ್ಕವನ್ನು ಭರಿಸದಿರಬಹುದು. ಆ ಮಾತ್ರೆಯ ಚೀಟಿ, ವಿಮೆಯ ವಿವರ, ಅಲ್ಲಿನ ಸಮಾಲೋಚಕರ ಹೆಸರು, ಇವೆಲ್ಲ ವೀಸಾ ಕಾಗದಗಳ ಜೊತೆಗೇ ಸಿದ್ಧವಾಗಬೇಕು. ಹೊರಡುವ ಕಾಲ ಎರಡು ವರ್ಷ ಮೊದಲೇ ಗೊತ್ತಿರುವ ಕೋರ್ಸಿಗೆ ಸಮಯ ಸಾಲಲಿಲ್ಲ ಎಂಬ ನೆಪ ಸಲ್ಲದು.